ಬಡ್ತಿ ಬೇಡ ಅಂತ ಬರೆದುಕೊಟ್ಟ ಮೇಲೆ

ಜೈಲು ಸೇವೆಗೆ ಸೇರಿ 8 ವರ್ಷ ತುಂಬಿದಾಗ ಬಡ್ತಿ ಪಟ್ಟಿಯಲ್ಲಿ ನನ್ನ ಹೆಸರು ಬಂತು. ಬೇಡ ಅಂತ ಬರೆದುಕೊಟ್ಟೆ. ಮೇಲಿನ ಹುದ್ದೆಗೆ ಓವರ್‌ಟೈಮ್ ಇಲ್ಲ, ರಾತ್ರಿ ಭತ್ಯೆ ಇಲ್ಲ, ಜೊತೆಗೆ ವರ್ಗಾವಣೆ ಬೇರೆ. ಸಂಜೆ ಲಾಕಪ್ ಎಣಿಕೆ ಮುಗಿದ ಮೇಲೆ ಬೀಗದ ಕೈ ಗೊಂಚಲು ಒಪ್ಪಿಸದೆ ಇನ್ನೊಂದು ಪಾಳಿ ನಿಂತರೆ, ತಿಂಗಳ ಕೊನೆಗೆ ನನ್ನ ಕೈಗೆ ಬರುತ್ತಿದ್ದದ್ದು ನನ್ನ ಮೇಲಧಿಕಾರಿಯ ಸಂಬಳಕ್ಕಿಂತ ಒಂದು ಹಿಡಿ ಹೆಚ್ಚೇ.

ನನ್ನ ಬ್ಯಾಚಿನ ಒಬ್ಬ ಆ ಸಲವೇ ಬಡ್ತಿ ತಗೊಂಡ. ಮೊದಲ ವರ್ಷ ಅವನ ಕೈಗೆ ನನಗಿಂತ ಕಡಿಮೆ ಬರುತ್ತಿತ್ತು. ರೇಗಿಸಿದ್ದೂ ಉಂಟು. ನನಗೆ ಮತ್ತೆ ಸರದಿ ಬಂದದ್ದು 14 ವರ್ಷ ತುಂಬಿದಾಗ.

ಆಮೇಲೆ ಒಂದು ರಾತ್ರಿ, ಎರಡು ರೌಂಡ್‌ಗಳ ನಡುವೆ, ಹಳೇ ಡ್ಯೂಟಿ ಪಟ್ಟಿಯ ಹಿಂಬದಿಯಲ್ಲಿ ಲೆಕ್ಕ ಹಾಕಿದೆ. ಸೇರಿದಾಗಿನ ಮೂಲ ವೇತನ ತಿಂಗಳಿಗೆ 100 ಅಂತ ಇಟ್ಟುಕೊಂಡೆ. ವರ್ಷಕ್ಕೆ ಶೇ 2 ಇನ್‌ಕ್ರಿಮೆಂಟ್, ಬಡ್ತಿಗೆ ಶೇ 10. ಎಂಟು ವರ್ಷಕ್ಕೆ ನನ್ನದು 117, ಅವನದು ಸುಮಾರು 129. ಆ ಅಂತರಕ್ಕೂ ಪ್ರತಿ ವರ್ಷ ಶೇ 2 ಸೇರುತ್ತಾ ಹೋಗುತ್ತದೆ. ಆರು ವರ್ಷದ್ದು ಕೂಡಿಸಿದರೆ 887, ಅಂದರೆ ಸೇರಿದಾಗಿನ ಸಂಬಳದ ಹತ್ತಿರ ಹತ್ತಿರ ಒಂಬತ್ತು ತಿಂಗಳಿನಷ್ಟು.

ಇಷ್ಟನ್ನು ಓವರ್‌ಟೈಮ್ ತುಂಬಿಕೊಟ್ಟಿತು, ಸುಳ್ಳು ಹೇಳಲಾರೆ. ಪೆಟ್ಟು ಬಿದ್ದದ್ದು ಬೇರೆ ಕಡೆ. ಮುಂದಿನ ಬಡ್ತಿಗೆ ಎಣಿಸುವುದು ಒಟ್ಟು ಸರ್ವಿಸ್ ಅಲ್ಲ, ಈಗಿರುವ ಹುದ್ದೆಯಲ್ಲಿ ಕಳೆದ ವರ್ಷಗಳನ್ನು. ನಾನು ಮೊದಲ ಮೆಟ್ಟಿಲು ಹತ್ತುವಾಗ ಅವನು ಎರಡನೆಯದಕ್ಕೆ ಕಾಲಿಟ್ಟಿದ್ದ. ನಮ್ಮಿಬ್ಬರ ಪಿಂಚಣಿ ಲೆಕ್ಕ ಕಟ್ಟುವುದು ಕೊನೆಯ ಮೂಲ ವೇತನದ ಮೇಲೆ. ನಿದ್ದೆಗೆಟ್ಟು ದುಡಿದ ಓವರ್‌ಟೈಮ್‌ನ ಒಂದು ಕಾಸೂ ಅದರಲ್ಲಿ ಸೇರುವುದಿಲ್ಲ.

ಎರಡನೇ ಬಡ್ತಿಯ ಹೊತ್ತಿಗೆ ಸ್ವಲ್ಪ ಬುದ್ಧಿ ಬಂದಿತ್ತು. ಆದೇಶ ಬಂದಾಗ ನನ್ನ ವಾರ್ಷಿಕ ಇನ್‌ಕ್ರಿಮೆಂಟ್‌ಗೆ ಎರಡೇ ತಿಂಗಳು ಬಾಕಿ. ನಮ್ಮಲ್ಲಿ ಬಡ್ತಿಯ ದಿನದಿಂದ ಇನ್‌ಕ್ರಿಮೆಂಟಿನ ವರ್ಷದ ಎಣಿಕೆ ಹೊಸದಾಗಿ ಶುರುವಾಗುತ್ತಿತ್ತು, ಹತ್ತು ತಿಂಗಳು ಕಾದ ಇನ್‌ಕ್ರಿಮೆಂಟ್ ಕೈತಪ್ಪುತ್ತಿತ್ತು. ಹೊಸ ವೇತನವನ್ನು ಇನ್‌ಕ್ರಿಮೆಂಟ್ ದಿನದಿಂದ ನಿಗದಿ ಮಾಡಿ ಅಂತ ಅರ್ಜಿ ಕೊಡಬಹುದಿತ್ತು, ಕೊಟ್ಟೆ. ಸಂಬಳ ಮತ್ತೆ 100 ಅಂತಲೇ ಹಿಡಿಯಿರಿ. ತಕ್ಷಣ ತಗೊಂಡರೆ 110, ಹನ್ನೆರಡು ತಿಂಗಳಿಗೆ 1320. ಕಾದರೆ ಎರಡು ತಿಂಗಳು 100, ಆಮೇಲೆ 102ರ ಮೇಲೆ ಶೇ 10 ಸೇರಿ 112.2. ಹತ್ತು ತಿಂಗಳಿಗೆ 1122, ಒಟ್ಟು 1322. ಮೊದಲ ವರ್ಷದ ಲಾಭ ಬರೀ 2. ಆದರೆ ಎರಡನೇ ವರ್ಷದಿಂದ, ಪ್ರತಿ ವರ್ಷ ಹತ್ತು ತಿಂಗಳು ನಾನು ಶೇ 2 ಮುಂದೆ.

ಅರ್ಜಿ ಕೊಡಬಹುದು ಅಂತ ಕಚೇರಿಯವರು ಯಾರಿಗೂ ಹೇಳಿರಲಿಲ್ಲ, ಅದಕ್ಕೊಂದು ಗಡುವಿತ್ತು ಅನ್ನುವುದನ್ನೂ ಹೇಳಿರಲಿಲ್ಲ. ನನ್ನ ಜೊತೆ ಬಡ್ತಿ ಪಡೆದ ಇನ್ನೊಬ್ಬನ ಇನ್‌ಕ್ರಿಮೆಂಟೂ ಅದೇ ತಿಂಗಳಲ್ಲಿತ್ತು. ಅವನಿಗೆ ವಿಷಯ ತಿಳಿದದ್ದು ಮುಂದಿನ ವರ್ಷ, ನಮ್ಮಿಬ್ಬರ ಪೇ ಸ್ಲಿಪ್ ಅಕ್ಕಪಕ್ಕ ಇಟ್ಟಾಗ.