ಮೂಸಂಬಿ ಗಾತ್ರದ ತಲೆಗೊಂದು ಟೋಪಿ

ಮಗು ಹುಟ್ಟೋಕೆ ಮುಂಚೆ ಬಟ್ಟೆ ತಂದಿಡಬಾರ್ದು ಅನ್ನೋದು ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಈಗ್ಲೂ ಇದೆ. ಒಂಬತ್ತು ತಿಂಗಳು ತುಂಬಿ ಹುಟ್ಟಿದ್ರೆ ಅದ್ರಿಂದ ಏನೂ ತೊಂದ್ರೆ ಇಲ್ಲ ಬಿಡಿ, ಅಜ್ಜಿಯ ಹಳೇ ಕಾಟನ್ ಸೀರೆ ಹರಿದು ಸುತ್ತೋಕಾಗುತ್ತೆ, ನೋಡೋಕೆ ಬರೋರು ಒಂದೊಂದು ಕುಲಾವಿ ತಂದೇ ತರ್ತಾರೆ. ಆದ್ರೆ ಕೂಸು ಏಳನೇ ತಿಂಗಳಿಗೇ ಹೊರಗೆ ಬಂದ್ಬಿಟ್ರೆ? ಸೀಮಂತದ ಬಳೆ ಇನ್ನೂ ಹೊಸದಾಗೇ ಇರುತ್ತೆ, ಮನೇಲಿ ಒಂದು ತುಂಡು ಬಟ್ಟೆ ಇರಲ್ಲ, ಅಪ್ಪ ಆದವನು ಆಸ್ಪತ್ರೆ ಎದುರಿನ ಅಂಗಡಿಗೆ ಓಡಿ ಒಂದು ಟೋಪಿ ತರ್ತಾನೆ, ಅದು ಮಗು ಗಲ್ಲದವರೆಗೂ ಇಳಿಯುತ್ತೆ. ಅಂಥ ತಲೆಗೆ ಹೊಂದೋ ಟೋಪಿ ಅಂಗಡೀಲಿ ಸುಲಭಕ್ಕೆ ಸಿಗಲ್ಲ. ಕೈಯಲ್ಲಿ ಹೆಣೆದ್ರೆ ಒಂದು ಸಿನಿಮಾ ನೋಡೋ ಹೊತ್ತಿಗೆ ಒಂದು ಮುಗಿಯುತ್ತೆ. ಸೀದಾ (ನಿಟ್), ಉಲ್ಟಾ (ಪರ್ಲ್) ಅನ್ನೋ ಎರಡು ಬಗೆ ಹೆಣಿಗೆ ಬಂದ್ರೆ ಸಾಕು, ಸ್ವೆಟರ್ ಹಾಕೋಕೆ ಬರಲೇಬೇಕು ಅಂತೇನಿಲ್ಲ.

ನಾನು ಮೊದಲನೇ ಸಲ ಮಾಡಿದ ತಪ್ಪು ಹೇಳ್ಬಿಡ್ತೀನಿ. ಹನ್ನೆರಡು ಟೋಪಿ ಹೆಣೆದು, ಒಂದೊಂದರ ನೆತ್ತಿ ಮೇಲೂ ಉಲ್ಲನ್ ಕುಚ್ಚು, ಕೆಲವಕ್ಕೆ ಮಣಿ ಹೊಲಿದ ಹೂವು, ಎಲ್ಲಾ ಇಟ್ಕೊಂಡು ಹೆಮ್ಮೆಯಿಂದ ಒಂದು ಆಸ್ಪತ್ರೆಗೆ ಹೋದೆ. ಸಿಸ್ಟರ್ ಒಂದನ್ನ ಕೈಗೆ ತಗೊಂಡು ಮುಷ್ಟಿಗೆ ಹಾಕಿ ನೋಡಿ, "ಅಮ್ಮಾ, ತುಂಬಾ ಚೆನ್ನಾಗಿದೆ, ಆದ್ರೆ ಇದು ಆರು ತಿಂಗಳ ಮಗೂದು, ನಮ್ಮ ಪಾಪುಗಳು ಇದ್ರೊಳಗೆ ಕಳೆದೇ ಹೋಗ್ತವೆ, ಆಮೇಲೆ ಈ ಮಣಿ ಬೇಡ್ವೇ ಬೇಡ" ಅಂದ್ರು. ಹನ್ನೆರಡೂ ವಾಪಸ್ ಬಂದ್ವು. ಅವತ್ತಿಂದ ನಾನು ಟೋಪಿ ಅಳತೆಗೆ ಕಾಯಿ, ಹಣ್ಣು ಇಟ್ಕೊಳ್ಳೋಕೆ ಶುರು ಮಾಡಿದ್ದು, ಅದನ್ನ ಮುಂದೆ ಹೇಳ್ತೀನಿ.

ಟೋಪಿ ಯಾಕೆ ಅಷ್ಟು ಮುಖ್ಯ ಅಂದ್ರೆ, ಹುಟ್ಟಿದ ಮಗೂನ ತಲೆ ಅದರ ಮೈಗೆ ಹೋಲಿಸಿದ್ರೆ ಬಹಳ ದೊಡ್ಡದು, ಉದ್ದದಲ್ಲಿ ಕಾಲು ಭಾಗ ತಲೇನೇ. ಮೈಯ ಬಿಸಿ ಅಲ್ಲಿಂದ ಸುಮಾರು ಹೊರಗೆ ಹೋಗುತ್ತೆ. 37 ವಾರ ತುಂಬೋಕೆ ಮುಂಚೆ ಹುಟ್ಟಿದ ಮಕ್ಕಳಿಗೆ ಚರ್ಮದ ಕೆಳಗೆ ಕೊಬ್ಬು ಸಾಕಷ್ಟು ಇರಲ್ಲ, ಚರ್ಮ ತೆಳು, ದೊಡ್ಡೋರ ಥರ ನಡುಗಿ ಬಿಸಿ ಮಾಡ್ಕೊಳ್ಳೋಕೂ ಬರಲ್ಲ. ಮೈ ಬಿಸಿ 36.5ರಿಂದ 37.5 ಡಿಗ್ರಿ ಸೆಲ್ಸಿಯಸ್ ಒಳಗೆ ಇರ್ಬೇಕು, ಕೆಳಗಿಳಿದ್ರೆ ಕುಡಿದ ಹಾಲಿನ ಶಕ್ತಿ ಎಲ್ಲಾ ಬಿಸಿ ಕಾಯ್ಕೊಳ್ಳೋಕೇ ಖರ್ಚಾಗುತ್ತೆ, ತೂಕ ಏರಲ್ಲ. ಕಾಂಗರೂ ಆರೈಕೆ ಅಂತ ಕೇಳಿರ್ತೀರಿ, ಮಗೂನ ಅಮ್ಮನ ಬರಿ ಎದೆಗೆ ಅಂಟಿಸಿ ಇಟ್ಕೊಳ್ಳೋದು, 1978ರಲ್ಲಿ ಕೊಲಂಬಿಯಾದ ಬೊಗೋಟಾದಲ್ಲಿ ಡಾಕ್ಟರ್ ಎಡ್ಗರ್ ರೇ ಶುರು ಮಾಡಿದ್ದು, ಇನ್‌ಕ್ಯುಬೇಟರ್ ಸಾಲದೇ ಇದ್ದ ಆಸ್ಪತ್ರೆಯಲ್ಲಿ ಅಮ್ಮನ ಎದೆಯ ಬಿಸಿಯನ್ನೇ ನಂಬ್ಕೊಂಡಿದ್ದು. 2022ರಲ್ಲಂತೂ ವಿಶ್ವ ಆರೋಗ್ಯ ಸಂಸ್ಥೆ, ಅವಧಿಗೆ ಮುಂಚೆ ಹುಟ್ಟಿದ ಮಕ್ಕಳಿಗೆ ಇದನ್ನ ಹುಟ್ಟಿದ ತಕ್ಷಣವೇ ಶುರು ಮಾಡಿ ಅಂತ ಹೇಳ್ತು. ಹಾಗೆ ಎದೆಗೆ ಅಂಟ್ಕೊಂಡು ಮಲಗಿರೋ ಕೂಸಿನ ಮೈಮೇಲೆ ಏನಿರುತ್ತೆ ಹೇಳಿ, ಒಂದು ಡೈಪರ್, ಕಾಲಿಗೆ ಸಾಕ್ಸ್, ತಲೆಗೆ ಟೋಪಿ. ಅಷ್ಟೇ.

ಸರಿ, ದಾರ. ಇಲ್ಲಿ ಜಿಪುಣತನ ಮಾಡ್ಬೇಡಿ, ಹಾಗಂತ ದುಬಾರಿ ಕುರಿ ಉಣ್ಣೆಯೂ ಬೇಡ, ಅದು ಚುಚ್ಚುತ್ತೆ, ಆಸ್ಪತ್ರೆಯ ಬಿಸಿನೀರಲ್ಲಿ ಒಗೆದ್ರೆ ಕುಗ್ಗಿ ಗೊಂಬೆ ಟೋಪಿ ಆಗ್ಬಿಡುತ್ತೆ. ಮಕ್ಕಳಿಗೆ ಅಂತಲೇ ಬರೋ ಮೆತ್ತನೆ ಅಕ್ರಿಲಿಕ್ ದಾರ, ವರ್ಧಮಾನ್ ಬೇಬಿ ಸಾಫ್ಟ್ ಥರದ್ದು, ಅಥವಾ ಮೆತ್ತನೆ ಕಾಟನ್ ದಾರ, ಎರಡೂ ನಡೆಯುತ್ತೆ. ಉಲ್ಲನ್ ಅಂತ ಕೇಳಿದ್ರೂ ಅಂಗಡಿಯವರು ಕೊಡೋದು ಹೆಚ್ಚಾಗಿ ಅಕ್ರಿಲಿಕ್ಕೇ, ಲೇಬಲ್ ನೋಡ್ಕೊಳ್ಳಿ. ದಪ್ಪ 4 ಪ್ಲೈ ಇರಲಿ, ಅಂದ್ರೆ ನಾಲ್ಕು ಎಳೆ ಹೊಸೆದಿದ್ದು. ಕೊಳ್ಳೋ ಮುಂಚೆ ಉಂಡೆನ ನಿಮ್ಮ ಕತ್ತಿಗೋ ತುಟಿ ಮೇಲಕ್ಕೋ ಒಂದ್ಸಲ ಉಜ್ಜಿ ನೋಡಿ, ನಿಮಗೇ ಕಿರಿಕಿರಿ ಆದ್ರೆ ಪಾಪುಗೆ ಕೇಳೋದೇ ಬೇಡ. ಕೂದಲು ಕೂದಲಾಗಿ ನಿಂತಿರೋ ಜಾತಿ ದಾರ, ಮಿಂಚೋ ಜರಿ ಇರೋದು, ಇವು ಬೇಡ, ಎಳೆ ಉದುರಿ ಮೂಗು ಬಾಯಿಗೆ ಹೋಗುತ್ತೆ. 50 ಗ್ರಾಮ್ ಉಂಡೇಲಿ ಚಿಕ್ಕ ಟೋಪಿ ಮೂರಂತೂ ಆಗುತ್ತೆ.

ಕಡ್ಡಿ 10ನೇ ನಂಬರ್, ಅಂದ್ರೆ 3.25 ಮಿಲಿಮೀಟರ್. ಒಂದು ಟೇಪು, ಕತ್ತರಿ, ಮೂತಿ ಮೊಂಡಾದ ಒಂದು ದಬ್ಬಳ. ಮೊದ್ಲು ಒಂದು ಸಣ್ಣ ತುಂಡು ಹೆಣೆದು ಅಳೀರಿ, 10 ಸೆಂಟಿಮೀಟರ್ ಅಗಲಕ್ಕೆ 28 ಕುಣಿಕೆ (ಕಡ್ಡಿ ಮೇಲೆ ಬೀಳೋ ಒಂದೊಂದು ದಾರದ ಸುತ್ತು) ಬರ್ಬೇಕು. 25 ಬಂತು ಅಂದ್ರೆ ನಿಮ್ಮ ಕೈ ಸಡಿಲ, 11ನೇ ನಂಬರ್ ಕಡ್ಡಿ ತಗೊಳ್ಳಿ, 31 ಬಂದ್ರೆ ಬಿಗಿ, 9 ತಗೊಳ್ಳಿ. ಈ ಕೆಲ್ಸ ಬೋರ್ ಅಂತ ಎಲ್ರೂ ಬಿಡ್ತಾರೆ, ನಾನೂ ಬಿಟ್ಟಿದ್ದೆ, ಆ ಹನ್ನೆರಡು ಟೋಪಿ ವಾಪಸ್ ಬಂದಿದ್ದರಲ್ಲಿ ಇದರ ಪಾಲೂ ಇದೆ.

ಈಗ ಅಳತೆ. 28 ವಾರಕ್ಕೆ ಹುಟ್ಟಿದ ಮಗೂನ ತಲೆ ಸುತ್ತಳತೆ ಸುಮಾರು 26 ಸೆಂಟಿಮೀಟರ್, ದಪ್ಪನೆ ಮೂಸಂಬಿಗಿಂತ ಒಂಚೂರು ದೊಡ್ಡದು ಅಷ್ಟೇ. 32 ವಾರದ್ದು 29, 30. ದಿನ ತುಂಬಿ ಹುಟ್ಟಿದ್ದು 34ರ ಆಸುಪಾಸು, ಅದಕ್ಕೆ ಸುಲಿದ ತೆಂಗಿನಕಾಯಿ ಸರಿಯಾಗುತ್ತೆ (ಜುಟ್ಟು ತೆಗೆದುಬಿಡಿ, ಇಲ್ಲಾಂದ್ರೆ ದಾರ ಸಿಕ್ಕೊಳ್ಳುತ್ತೆ). ಹೆಣೆದ ಟೋಪಿನ ಹಾಕಿ ನೋಡೋಕೆ, ಟೇಪು ಹಿಡಿದು ಅಳೆದು ಹತ್ತಿರದ ಗಾತ್ರದ ಹಣ್ಣೋ ಕಾಯೋ ಆರಿಸ್ಕೊಳ್ಳಿ. ಟೋಪಿ ತಲೆಗಿಂತ ಎರಡು ಮೂರು ಸೆಂಟಿಮೀಟರ್ ಚಿಕ್ಕದಿರ್ಬೇಕು, ಹಿಗ್ಗಿ ಕೂತ್ಕೊಂಡ್ರೇನೇ ಜಾರಲ್ಲ. ಹೆಣೆಯೋವಾಗ ನೋಡಿದ್ರೆ "ಅಯ್ಯೋ ಇಷ್ಟು ಚಿಕ್ಕದು ಯಾರಿಗಾಗುತ್ತೆ" ಅನ್ಸುತ್ತೆ, ಆಗ ನಾಲ್ಕು ಕುಣಿಕೆ ಜಾಸ್ತಿ ಹಾಕೋಣ ಅಂತ ಕೈ ಹೋಗುತ್ತೆ. ಹಾಕ್ಬೇಡಿ.

ಚಿಕ್ಕದಕ್ಕೆ 66 ಕುಣಿಕೆ, ಮಧ್ಯದ್ದಕ್ಕೆ 74, ದಿನ ತುಂಬಿದ ಮಗುಗೆ 90. ಕುಣಿಕೆ ಹಾಕ್ಕೊಳ್ಳೋವಾಗ ಎರಡೂ ಕಡ್ಡಿ ಜೋಡಿಸಿ ಹಿಡ್ಕೊಂಡು ಅವೆರಡರ ಮೇಲೂ ಹಾಕಿ, ಆಮೇಲೆ ಒಂದನ್ನ ಎಳ್ಕೊಳ್ಳಿ, ಆಗ ಅಂಚು ಸಡಿಲ ಬರುತ್ತೆ. ಬಿಗಿ ಅಂಚಿನ ಟೋಪಿ ಆ ತೆಳು ಚರ್ಮದ ಹಣೆ ಮೇಲೆ ಕೆಂಪಗೆ ಗೆರೆ ಮೂಡಿಸುತ್ತೆ.

ಮೊದಲು ಬಾರ್ಡರ್. 2 ಸೀದಾ, 2 ಉಲ್ಟಾ ಅಂತ ಹೆಣೀತಾ ಹೋಗಿ, ಸಾಲಿನ ಕೊನೇಲಿ 2 ಸೀದಾ ಬರುತ್ತೆ. ತಿರುಗಿಸಿಕೊಂಡ ಮೇಲೆ ಲೆಕ್ಕ ಇಡೋದೇ ಬೇಡ, ಎದುರಿಗೆ ಸೀದಾ ಕಾಣಿಸಿದ್ರೆ ಸೀದಾ, ಉಲ್ಟಾ ಕಾಣಿಸಿದ್ರೆ ಉಲ್ಟಾ. ಹೀಗೆ ಎರಡು ಸೆಂಟಿಮೀಟರ್ ಆದ ಮೇಲೆ ಒಂದು ಸಾಲು ಪೂರ್ತಿ ಸೀದಾ, ವಾಪಸ್ ಬರೋ ಸಾಲು ಪೂರ್ತಿ ಉಲ್ಟಾ, ಇದನ್ನೇ ಮುಂದುವರಿಸಿ. ಅಂಚಿನಿಂದ ಅಳೆದ್ರೆ ಚಿಕ್ಕದು 7 ಸೆಂಟಿಮೀಟರ್, ಮಧ್ಯದ್ದು 8, ದೊಡ್ಡದು ಒಂಬತ್ತೂವರೆ ಬರೋವರೆಗೂ ಏನೂ ಯೋಚನೆ ಇಲ್ಲ, ಟೀವಿ ನೋಡ್ಕೊಂಡು ಹೆಣೀಬಹುದು. ಉಲ್ಟಾ ಸಾಲು ಮುಗಿಸಿ ನಿಲ್ಲಿಸಿ.

ಇನ್ಮೇಲೆ ಟೀವಿ ಆಫ್, ಕುಣಿಕೆ ಇಳಿಸೋದು. ಚಿಕ್ಕ ಟೋಪಿ ಲೆಕ್ಕ ಹೇಳ್ತೀನಿ. 1 ಸೀದಾ, ಆಮೇಲೆ 6 ಸೀದಾ ಹೆಣೆದು 2 ಕುಣಿಕೆ ಜೊತೆಗೆ ಸೇರಿಸಿ ಹೆಣೀರಿ, ಹೀಗೆ ಎಂಟು ಸಲ, ಕೊನೇಲಿ 1 ಸೀದಾ. ಕಡ್ಡಿ ಮೇಲೆ 58 ಉಳೀಬೇಕು. ವಾಪಸ್ ಬರೋ ಸಾಲು ಸುಮ್ನೆ ಉಲ್ಟಾ. ಮುಂದಿನ ಸೀದಾ ಸಾಲಲ್ಲಿ 6ರ ಬದಲು 5 ಹೆಣೆದು ಎರಡನ್ನ ಸೇರಿಸಿ, ಆಗ 50. ಆಮೇಲೆ 4, ಆಮೇಲೆ 3, ಹಾಗೇ ಇಳೀತಾ ಬಂದು ಕೊನೇ ಸೀದಾ ಸಾಲಲ್ಲಿ ಮಧ್ಯೆ ಏನೂ ಇಲ್ದೆ ಬರೀ ಎರಡೆರಡು ಸೇರಿಸಿದ್ರೆ 10 ಕುಣಿಕೆ ಉಳಿಯುತ್ತೆ. ಮಧ್ಯದ ಟೋಪಿಗೆ 7ರಿಂದ, ದೊಡ್ಡದಕ್ಕೆ 9ರಿಂದ ಶುರು ಮಾಡಿ, ಉಳಿದಿದ್ದೆಲ್ಲಾ ಅದೇ, ಅವೂ ಹತ್ತಕ್ಕೇ ಬಂದು ನಿಲ್ಲುತ್ವೆ. ಪ್ರತಿ ಸೀದಾ ಸಾಲಿಗೂ ಎಂಟೆಂಟು ಕಮ್ಮಿ ಆಗ್ಬೇಕು, ಆಗ್ಲಿಲ್ಲ ಅಂದ್ರೆ ಎಲ್ಲೋ ಜಾರಿದೆ, ಅಲ್ಲೇ ಬಿಚ್ಚಿ ಸರಿ ಮಾಡಿ, ಮುಂದೆ ಅಡ್ಜಸ್ಟ್ ಮಾಡೋಣ ಅಂತ ಹೊರಟ್ರೆ ನೆತ್ತಿ ಸೊಟ್ಟ ಬರುತ್ತೆ.

ದಾರನ ಒಂದು ಮೊಳ ಬಿಟ್ಟು ಕತ್ತರಿಸಿ, ದಬ್ಬಳಕ್ಕೆ ಪೋಣಿಸಿ, ಆ ಹತ್ತು ಕುಣಿಕೆಯೊಳಗೆ ತೂರಿಸಿ ಎಳೆದ್ರೆ ಸಂಚಿ ಬಾಯಿ ಮುಚ್ಚಿದ ಹಾಗೆ ನೆತ್ತಿ ಮುಚ್ಚುತ್ತೆ. ಇನ್ನೊಂದ್ಸಲ ತೂರಿಸಿ ಬಿಗಿ ಮಾಡಿ, ಚಿಕ್ಕ ಬೆರಳೂ ತೂರಬಾರ್ದು. ಅದೇ ದಾರದಲ್ಲಿ ಎರಡು ಅಂಚು ಎದುರು ಬದುರು ಇಟ್ಟು, ಎರಡೂ ಕಡೆಯಿಂದ ಒಂದೊಂದು ಕುಣಿಕೆ ಒಳಗೆ ಹೋಗೋ ಹಾಗೆ ಕೆಳಗಿನವರೆಗೂ ಹೊಲೀರಿ, ಬಾರ್ಡರಿನ ಡಿಸೈನ್ ತಾನಾಗೇ ಕೂಡ್ಕೊಳ್ಳುತ್ತೆ. ಗಂಟು ಮಾತ್ರ ಹಾಕ್ಬೇಡಿ. ಮಲಗೇ ಇರೋ ಮಗುಗೆ ತಲೆ ಕೆಳಗೆ ಗಂಟು ಅಂದ್ರೆ ನಮಗೆ ಚಪ್ಪಲಿಯೊಳಗೆ ಕಲ್ಲು ಇದ್ದ ಹಾಗೆ. ದಾರದ ತುದಿನ ಹೆಣಿಗೆಯೊಳಗೇ ಹಿಂದೆ ಮುಂದೆ ಓಡಿಸಿ ಕತ್ತರಿಸಿ. ನಾಲ್ಕು ಕಡ್ಡಿಯಲ್ಲಿ ಸುತ್ತಾ ಹೆಣೆಯೋಕೆ ಬರೋರು ಆ ಎರಡು ಕುಣಿಕೆ ಬಿಟ್ಟು 64, 72, 88 ಹಾಕ್ಕೊಳ್ಳಿ, ಹೊಲಿಗೇನೇ ಇರಲ್ಲ, ನಿಜ ಹೇಳ್ಬೇಕಂದ್ರೆ ಅದೇ ಒಳ್ಳೇದು.

ಕುಚ್ಚು, ಗುಂಡಿ, ಮಣಿ, ರಿಬ್ಬನ್, ಗಲ್ಲದ ಕೆಳಗೆ ಕಟ್ಟೋ ಲಾಡಿ, ಯಾವುದೂ ಬೇಡ. ಲಾಡಿ ಕತ್ತಿಗೆ ಸುತ್ಕೊಳ್ಳುತ್ತೆ, ಮಣಿ ಕಿತ್ತು ಬಾಯಿಗೆ ಹೋಗುತ್ತೆ. ಚಂದ ಬೇಕು ಅಂದ್ರೆ ಬಣ್ಣದಲ್ಲಿ ಆಟ ಆಡಿ, ಹಳದಿ ಮೇಲೆ ಹಸಿರು ಪಟ್ಟಿ ಹಾಕಿ. ಗಂಡಿಗೆ ನೀಲಿ ಹೆಣ್ಣಿಗೆ ಗುಲಾಬಿ ಅಂತ ಹೋದ್ರೆ ಸಿಸ್ಟರ್‌ಗಳಿಗೆ ಹಂಚೋದೇ ತಲೆನೋವು.

ಆದ ಮೇಲೆ ವಾಸನೆ ಇಲ್ಲದ ಸೋಪಲ್ಲಿ ಒಗೆದು, ಚೆನ್ನಾಗಿ ಜಾಲಿಸಿ, ನೆರಳಲ್ಲಿ ಚಪ್ಪಟೆಯಾಗಿ ಹರಡಿ ಒಣಗಿಸಿ. ಕಂಫರ್ಟು ಗಿಂಫರ್ಟು ಹಾಕ್ಬೇಡಿ, ಬೀರುವಲ್ಲಿ ನುಸಿಗುಳಿಗೆ ಪಕ್ಕ ಅಂತೂ ಇಡಲೇಬೇಡಿ, ಕೆಲವು ಮಕ್ಕಳಿಗೆ ನುಸಿಗುಳಿಗೆಯಿಂದ ರಕ್ತಕ್ಕೇ ತೊಂದ್ರೆ ಆಗುತ್ತೆ, ಕಾಮಾಲೆ ಏರುತ್ತೆ.

ಇನ್ನೊಂದು ವಿಷ್ಯ, ಮನೆಗೆ ಬಂದ ಮೇಲೆ. ಏಪ್ರಿಲ್ ತಿಂಗಳ ಕಲಬುರಗಿ ಬಿಸಿಲಲ್ಲೂ ಟೋಪಿ, ಸ್ವೆಟರ್, ಮೇಲೊಂದು ಶಾಲು ಸುತ್ತಿ ಮಗೂನ ಬೇಯಿಸೋ ಅಜ್ಜಿಯರನ್ನ ನೋಡಿದೀನಿ. ಮಗು ತಲೆಯಿಂದ ಬಿಸಿ ಹೊರಗೆ ಹೋಗೋದು ಬೇಸಿಗೇಲಿ ಬೇಕಾಗಿರೋ ಕೆಲ್ಸ. ದಿನ ತುಂಬಿದ ಆರೋಗ್ಯವಂತ ಮಗು ಮನೇಲಿ ಮಲಗಿರೋವಾಗ ಟೋಪಿ ಬೇಡ, ಮೈ ಕಾಯುತ್ತೆ, ಜಾರಿ ಮುಖದ ಮೇಲೆ ಬಂದ್ರೆ ಉಸಿರಿಗೂ ಅಡ್ಡಿ. ಎದೆ, ಬೆನ್ನು ಮುಟ್ಟಿ ನೋಡಿ, ಬೆವರಿದ್ರೆ ತೆಗೀರಿ. ಬೇಗ ಹುಟ್ಟಿ ತೂಕ ಕಮ್ಮಿ ಇರೋ ಮಗು ಆದ್ರೆ ಡಿಸ್ಚಾರ್ಜ್ ಮಾಡೋವಾಗ ಟೋಪಿ ಎಷ್ಟು ದಿನ, ಯಾವಾಗ ಅಂತ ಡಾಕ್ಟರನ್ನೇ ಕೇಳಿ.

ಆಸ್ಪತ್ರೆಗೆ ಕೊಡೋರು ಸುಮ್ನೆ ಹೊತ್ಕೊಂಡು ಹೋಗ್ಬೇಡಿ. ಜಿಲ್ಲಾ ಆಸ್ಪತ್ರೆಗಳಲ್ಲಿ ನವಜಾತ ಶಿಶುಗಳ ವಿಶೇಷ ಘಟಕ ಇರುತ್ತೆ, ಮೊದ್ಲು ಅಲ್ಲಿಯ ಸಿಸ್ಟರ್ ಇನ್‌ಚಾರ್ಜ್ ಹತ್ರ ಹೊರಗಿನಿಂದ ತಗೋತೀರಾ, ಯಾವ ಗಾತ್ರ ಬೇಕು, ಕಾಟನ್ನೋ ಅಕ್ರಿಲಿಕ್ಕೋ ಅಂತ ಕೇಳಿ, ಕೆಲವು ಕಡೆ ತಗೊಳ್ಳೋದೇ ಇಲ್ಲ, ಸೋಂಕಿನ ಭಯ ಅವರದ್ದು, ಬೇಜಾರು ಮಾಡ್ಕೊಬೇಡಿ. ತಗೋತೀವಿ ಅಂದ್ರೆ ಒಂದೊಂದನ್ನೂ ಬೇರೆ ಬೇರೆ ಜಿಪ್ ಕವರಿಗೆ ಹಾಕಿ, ಮೇಲೆ ಒಂದು ಚೀಟಿ ಅಂಟಿಸಿ. ಚೀಟೀಲಿ "ಚಿಕ್ಕದು" ಅಂತ ಬರೀಬೇಡಿ, ನಿಮ್ಮ ಚಿಕ್ಕದು ಅವರ ದೊಡ್ಡದು. "26 ಸೆಂಟಿಮೀಟರ್ ತಲೆಗೆ, ಅಕ್ರಿಲಿಕ್, ಒಗೆದಿದೆ" ಅಂತ ಬರೀರಿ, ರಾತ್ರಿ ಪಾಳಿಯ ಸಿಸ್ಟರ್ ಕವರ್ ಬಿಚ್ಚದೇನೇ ಸರಿಯಾದ್ದನ್ನ ತಗೋತಾರೆ.