ಲ್ಯಾಪ್‌ಟಾಪ್‌ಗೆ ಹೊಸ ಗ್ರಾಫಿಕ್ಸ್ ಕಾರ್ಡ್: ಅಂಗಡಿಗೆ ಹೋಗುವ ಮುಂಚೆ ಇಷ್ಟು ನೋಡಿ

ಏಪ್ರಿಲ್, ಮೇ ಬಂತೆಂದರೆ ಕೊಡಗಿನಲ್ಲಿ ಲ್ಯಾಪ್‌ಟಾಪ್‌ಗಳಿಗೆ ಬಿಡುವಿಲ್ಲ. ಮದುವೆ ವಿಡಿಯೊ, ಕೊಡವ ಕುಟುಂಬಗಳ ಹಾಕಿ ಹಬ್ಬದ ವಿಡಿಯೊ, ಹೋಂಸ್ಟೇ ಜಾಹೀರಾತಿಗೆಂದು ತೋಟದ ಮೇಲೆ ಹಾರಿಸಿದ ಡ್ರೋನ್‌ನ ವಿಡಿಯೊ. ಎಡಿಟಿಂಗ್‌ಗೆ ಕೂತರೆ ದೃಶ್ಯ ತಡೆದು ತಡೆದು ಓಡುತ್ತದೆ, ಫ್ಯಾನ್ ಬೊಬ್ಬೆ ಹಾಕುತ್ತದೆ. ಆಗ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: ಗ್ರಾಫಿಕ್ಸ್ ಕಾರ್ಡ್ ಬದಲಿಸಬಹುದಾ?

ಬಹುತೇಕ ಲ್ಯಾಪ್‌ಟಾಪ್‌ಗಳಲ್ಲಿ ಆಗುವುದಿಲ್ಲ. ಡೆಸ್ಕ್‌ಟಾಪ್‌ನಲ್ಲಿ ಕಾರ್ಡ್ ಬೇರೆ, ಬೋರ್ಡ್ ಬೇರೆ. ಲ್ಯಾಪ್‌ಟಾಪ್‌ನಲ್ಲಿ ಗ್ರಾಫಿಕ್ಸ್ ಒಂದೋ ಪ್ರೊಸೆಸರ್‌ನ ಒಳಗೇ ಇರುತ್ತದೆ, ಇಲ್ಲವೇ ಪ್ರತ್ಯೇಕ ಚಿಪ್ ಆಗಿ ಮದರ್‌ಬೋರ್ಡ್‌ಗೆ ಬೆಸುಗೆ ಹಾಕಿರುತ್ತಾರೆ. ಚಿಪ್ ಲೆವೆಲ್ ಸರ್ವೀಸ್ ಮಾಡುವವರು ಕೆಟ್ಟ ಚಿಪ್ ತೆಗೆದು ಅಂಥದ್ದೇ ಇನ್ನೊಂದನ್ನು ಕೂರಿಸಬಲ್ಲರು. ಆದರೆ ಅದೇ ಜಾಗಕ್ಕೆ ಇನ್ನೂ ದೊಡ್ಡ ಚಿಪ್ ಹಾಕುವುದು ಬೇರೆಯೇ ಮಾತು. ಬೋರ್ಡ್‌ನ ವಿದ್ಯುತ್ ಸರ್ಕ್ಯೂಟ್, ಪಕ್ಕದ ವಿಡಿಯೊ ಮೆಮೊರಿ, ಬಯೋಸ್ (ಆನ್ ಮಾಡಿದ ಕೂಡಲೇ ಮೊದಲು ಓಡುವ ಸಾಫ್ಟ್‌ವೇರ್), ಬಿಸಿ ಹೊರಹಾಕುವ ಹೀಟ್‌ಸಿಂಕ್ ಎಲ್ಲವೂ ಹಳೆಯ ಚಿಪ್‌ಗೆಂದೇ ಮಾಡಿದವು. "ಬಿಟ್ಟು ಹೋಗಿ, ಹಾಕಿ ಕೊಡ್ತೀವಿ" ಎಂದು ಯಾರಾದರೂ ಹೇಳಿದರೆ ಲ್ಯಾಪ್‌ಟಾಪ್ ಎತ್ತಿಕೊಂಡು ಹೊರಡಿ.

ಹಾಗಂತ ಕೈಚೆಲ್ಲಬೇಕಿಲ್ಲ. ಮೊದಲು ನಿಮ್ಮಲ್ಲಿ ಏನಿದೆ ನೋಡಿ. ವಿಂಡೋಸ್‌ನಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಕೀ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದರ ಪರ್ಫಾರ್ಮೆನ್ಸ್ ಭಾಗಕ್ಕೆ ಹೋಗಿ. ಜಿಪಿಯು ಎಂದರೆ ಗ್ರಾಫಿಕ್ಸ್ ಚಿಪ್. ಅಲ್ಲಿ 'ಜಿಪಿಯು 0' ಒಂದೇ ಇದ್ದು, ಇಂಟೆಲ್ ಯುಎಚ್‌ಡಿ ಎಂದೋ ಎಎಂಡಿ ರೇಡಿಯನ್ ಗ್ರಾಫಿಕ್ಸ್ ಎಂದೋ ಇದ್ದರೆ ನಿಮ್ಮದು ಪ್ರೊಸೆಸರ್ ಒಳಗಿನ ಗ್ರಾಫಿಕ್ಸ್. 'ಜಿಪಿಯು 1' ಎಂದು ಎನ್‌ವಿಡಿಯಾ ಹೆಸರೂ ಕಂಡರೆ ಪ್ರತ್ಯೇಕ ಚಿಪ್ ಇದೆ ಎಂದರ್ಥ.

ಎರಡೂ ಇದ್ದವರು ದುಡ್ಡು ಬಿಚ್ಚುವ ಮೊದಲು ಒಂದು ಸೆಟ್ಟಿಂಗ್ ನೋಡಿ. ಚಾರ್ಜ್ ಉಳಿಸಲು ವಿಂಡೋಸ್ ಕೆಲವೊಮ್ಮೆ ಎಡಿಟಿಂಗ್ ಸಾಫ್ಟ್‌ವೇರನ್ನು ಸಣ್ಣ ಗ್ರಾಫಿಕ್ಸ್ ಮೇಲೆಯೇ ಓಡಿಸುತ್ತದೆ. ದೊಡ್ಡ ಚಿಪ್ ಸುಮ್ನೆ ಕೂತಿರುತ್ತದೆ. ಸೆಟ್ಟಿಂಗ್ಸ್, ಸಿಸ್ಟಮ್, ಡಿಸ್‌ಪ್ಲೇ, ಗ್ರಾಫಿಕ್ಸ್ ಎಂದು ಹೋಗಿ ಸಾಫ್ಟ್‌ವೇರ್ ಹೆಸರು ಆರಿಸಿ, 'ಹೈ ಪರ್ಫಾರ್ಮೆನ್ಸ್' ಮಾಡಿ. ಎಡಿಟ್ ಮಾಡುವಾಗ ಚಾರ್ಜರ್ ಹಾಕಿಯೇ ಇರಿ. ಬ್ಯಾಟರಿ ಮೇಲಿದ್ದಾಗ ಚಿಪ್ ಪೂರ್ತಿ ವೇಗಕ್ಕೆ ಹೋಗುವುದಿಲ್ಲ.

ಪ್ರೊಸೆಸರ್ ಒಳಗಿನ ಗ್ರಾಫಿಕ್ಸ್ ಇರುವವರಿಗೆ ನಾನು ಮೊದಲು ಹೇಳುವುದು ರ‍್ಯಾಮ್ ಬಗ್ಗೆ. ಈ ಬಗೆಯ ಗ್ರಾಫಿಕ್ಸ್‌ಗೆ ಸ್ವಂತ ಮೆಮೊರಿ ಇಲ್ಲ, ಲ್ಯಾಪ್‌ಟಾಪ್‌ನ ರ‍್ಯಾಮ್‌ನಲ್ಲೇ ಪಾಲು ತೆಗೆದುಕೊಳ್ಳುತ್ತದೆ. ಕಡಿಮೆ ಬೆಲೆಯ ಎಷ್ಟೋ ಮಾಡೆಲ್‌ಗಳು 8 ಜಿಬಿಯ ಒಂದೇ ಸ್ಟಿಕ್ ಜೊತೆ ಬರುತ್ತವೆ. ಇನ್ನೊಂದು ಸ್ಟಿಕ್ ಸೇರಿಸಿದರೆ ರ‍್ಯಾಮ್ ಎರಡು ಚಾನೆಲ್‌ನಲ್ಲಿ ಕೆಲಸ ಮಾಡುತ್ತದೆ, ಗ್ರಾಫಿಕ್ಸ್‌ಗೆ ಡೇಟಾ ಸಿಗುವ ದಾರಿ ಎರಡುಪಟ್ಟು ಅಗಲವಾಗುತ್ತದೆ. ಇಂಟೆಲ್ 11ನೇ ತಲೆಮಾರಿನ ಎಷ್ಟೋ ಐ5 ಲ್ಯಾಪ್‌ಟಾಪ್‌ಗಳಲ್ಲಿ ಇದು ಕಣ್ಣಿಗೇ ಕಾಣುತ್ತದೆ. ಒಂದು ಸ್ಟಿಕ್ ಇದ್ದಾಗ 'ಯುಎಚ್‌ಡಿ ಗ್ರಾಫಿಕ್ಸ್' ಎಂದಿದ್ದ ಹೆಸರು, ಎರಡನೆಯದು ಹಾಕಿದ ಮೇಲೆ 'ಐರಿಸ್ ಎಕ್ಸ್‌ಇ' ಎಂದು ಬದಲಾಗುತ್ತದೆ.

ಜಾಗ ಇದೆಯೇ ಎಂದು ತಿಳಿಯಲು ಅದೇ ಟಾಸ್ಕ್ ಮ್ಯಾನೇಜರ್‌ನಲ್ಲಿ ಮೆಮೊರಿ ಮೇಲೆ ಒತ್ತಿ. ಕೆಳಗೆ 'ಸ್ಲಾಟ್ಸ್ ಯೂಸ್ಡ್: 1 ಆಫ್ 2' ಎಂದಿದ್ದು, 'ಫಾರ್ಮ್ ಫ್ಯಾಕ್ಟರ್' ಎದುರು 'ಸೋಡಿಮ್' (ಬಿಚ್ಚಿ ಹಾಕಬಹುದಾದ ಸ್ಟಿಕ್) ಎಂದಿದ್ದರೆ ಒಳ್ಳೆ ಲಕ್ಷಣ. 'ರೋ ಆಫ್ ಚಿಪ್ಸ್' ಎಂದಿದ್ದರೆ ಆ ರ‍್ಯಾಮ್ ಬೋರ್ಡ್‌ಗೇ ಅಂಟಿದ್ದು. ಖಾಲಿ ಸ್ಲಾಟ್ ನಿಜಕ್ಕೂ ಇದೆಯೇ ಎಂದು ಮಾಡೆಲ್‌ನ ಸರ್ವೀಸ್ ಮ್ಯಾನ್ಯುಯಲ್‌ನಲ್ಲಿ ನೋಡಿಬಿಡಿ. ಸ್ಟಿಕ್‌ಗಳಲ್ಲೂ ಡಿಡಿಆರ್4, ಡಿಡಿಆರ್5 ಎಂದು ಬಗೆಗಳಿವೆ, ಡಿಡಿಆರ್4 ಜಾಗಕ್ಕೆ ಡಿಡಿಆರ್5 ಕೂರುವುದಿಲ್ಲ. ಹಾಗಾಗಿ ಈಗಿರುವ ಸ್ಟಿಕ್‌ನ ಗಾತ್ರ, ಬಗೆ, ವೇಗ ಮೂರನ್ನೂ ಬರೆದುಕೊಂಡು ಹೋಗಿ. ಕುಶಾಲನಗರದಲ್ಲೋ ಗೋಣಿಕೊಪ್ಪದಲ್ಲೋ ಸಿಗದಿದ್ದರೆ ಮೈಸೂರಿನಿಂದ, ಬೆಂಗಳೂರಿನ ಎಸ್‌ಪಿ ರಸ್ತೆಯಿಂದ ತರಿಸಬಹುದು.

ಹಾಕುವುದು ಕಷ್ಟವಲ್ಲ. ಶಟ್‌ಡೌನ್ ಮಾಡಿ, ಚಾರ್ಜರ್ ತೆಗೆಯಿರಿ. ಅಡಿಯ ಸ್ಕ್ರೂಗಳ ಉದ್ದ ಒಂದೇ ಇರುವುದಿಲ್ಲ, ಕೆಲವು ರಬ್ಬರ್ ಪಾದಗಳ ಕೆಳಗೆ ಅಡಗಿರುತ್ತವೆ. ಕಾಗದದ ಮೇಲೆ ಲ್ಯಾಪ್‌ಟಾಪ್‌ನ ಚಿತ್ರ ಗೀಚಿ, ಯಾವ ಸ್ಕ್ರೂ ಎಲ್ಲಿಯದೋ ಅಲ್ಲೇ ಇಡಿ. ಮುಚ್ಚಳ ಬಿಚ್ಚಿದ ಕೂಡಲೇ ಬ್ಯಾಟರಿಯ ಕನೆಕ್ಟರ್ ಬಿಡಿಸಿ. ಯಾವುದಾದರೂ ಲೋಹದ ವಸ್ತು ಮುಟ್ಟಿ, ಮೈಯ ಸ್ಟ್ಯಾಟಿಕ್ ಇಳಿಸಿಕೊಂಡು ಸ್ಟಿಕ್ ಹಿಡಿಯಿರಿ. ಅದರ ಅಂಚಿನಲ್ಲಿ ಒಂದು ಕಚ್ಚು ಇದೆ, ಸ್ಲಾಟ್‌ನ ಕಚ್ಚಿಗೆ ಸರಿ ಹೊಂದಿಸಿ ಓರೆಯಾಗಿ ತೂರಿಸಿ. ಚಿನ್ನದ ಬಣ್ಣದ ಅಂಚು ಹೊರಗೆ ಕಾಣಬಾರದು. ಆಮೇಲೆ ಕೆಳಕ್ಕೆ ಒತ್ತಿದರೆ ಎರಡೂ ಬದಿಯ ಕ್ಲಿಪ್ ಟಕ್ ಎಂದು ಹಿಡಿಯುತ್ತವೆ. ಮೊದಲ ಸಲ ಆನ್ ಮಾಡಿದಾಗ ಪರದೆ ಸ್ವಲ್ಪ ಹೊತ್ತು ಕಪ್ಪಗೇ ಇದ್ದರೆ ಗಾಬರಿ ಬೇಡ.

ಹೇಗೂ ಮುಚ್ಚಳ ಬಿಚ್ಚಿದ್ದೀರಿ ಅಲ್ವಾ, ಫ್ಯಾನ್ ಕೂಡ ನೋಡಿ. ಹೀಟ್‌ಸಿಂಕ್‌ನ ಬಾಯಿಗೆ ಧೂಳು, ನೂಲು ಸೇರಿ ಗಟ್ಟಿ ಪದರ ಕಟ್ಟಿರುತ್ತದೆ. ಜೂನ್‌ನಿಂದ ಬಟ್ಟೆಯೇ ಒಣಗದ ನಮ್ಮ ಊರುಗಳಲ್ಲಿ ಆ ಧೂಳು ತೇವ ಹೀರಿ ಇನ್ನೂ ಅಂಟಿಕೊಳ್ಳುತ್ತದೆ. ಬಿಸಿ ಹೊರಗೆ ಹೋಗದಿದ್ದರೆ ಚಿಪ್ ತಾನಾಗಿ ವೇಗ ಇಳಿಸುತ್ತದೆ. ಬೆರಳಲ್ಲಿ ಫ್ಯಾನ್ ತಿರುಗದಂತೆ ಹಿಡಿದು ಬ್ರಷ್, ಬ್ಲೋವರ್‌ನಿಂದ ತೆಗೆಯಿರಿ.

ಇಷ್ಟೂ ಸಾಲದು, ದೊಡ್ಡ ಕಾರ್ಡೇ ಬೇಕು ಎನ್ನುವವರಿಗೆ ಇಜಿಪಿಯು ಇದೆ. ಡೆಸ್ಕ್‌ಟಾಪ್ ಕಾರ್ಡನ್ನು ಹೊರಗಿನ ಡಬ್ಬಿಯಲ್ಲಿಟ್ಟು ಕೇಬಲ್‌ನಲ್ಲಿ ಜೋಡಿಸುವುದು. ಇದಕ್ಕೆ ಸಾಮಾನ್ಯವಾಗಿ ಥಂಡರ್‌ಬೋಲ್ಟ್ 3 ಅಥವಾ 4 ಎಂಬ ಹೆಚ್ಚು ವೇಗದ ಪೋರ್ಟ್ ಬೇಕು. ಟೈಪ್-ಸಿ ಪೋರ್ಟ್ ಇದ್ದರೆ ಸಾಲದು, ಪಕ್ಕದಲ್ಲಿ ಮಿಂಚಿನ ಬಾಣದ ಗುರುತು ಇದೆಯಾ ನೋಡಿ. ಯುಎಸ್‌ಬಿ4 ಪೋರ್ಟ್ ಆದರೆ ಇಜಿಪಿಯು ಕೆಲಸ ಮಾಡುತ್ತದಾ ಎಂದು ಮಾಡೆಲ್ ಹೆಸರು ಹೇಳಿ ಕೇಳಿಕೊಳ್ಳಿ. ಈ ಕೇಬಲ್‌ನ ಮಿತಿ ಸೆಕೆಂಡಿಗೆ 40 ಗಿಗಾಬಿಟ್. ಹಾಗಾಗಿ ಡೆಸ್ಕ್‌ಟಾಪ್‌ನಲ್ಲಿ ಕೊಡುವಷ್ಟು ವೇಗವನ್ನು ಅದೇ ಕಾರ್ಡ್ ಇಲ್ಲಿ ಕೊಡುವುದಿಲ್ಲ. ಕಾರ್ಡ್‌ಗೇ ಬೇರೆ ಮಾನಿಟರ್ ಜೋಡಿಸಿದರೆ ನಷ್ಟ ಕಡಿಮೆ, ಲ್ಯಾಪ್‌ಟಾಪ್ ಪರದೆಯನ್ನೇ ಬಳಸಿದರೆ ಜಾಸ್ತಿ. ಆ್ಯಪಲ್‌ನ ಎಂ1 ಮತ್ತು ನಂತರದ ಮ್ಯಾಕ್‌ಗಳಲ್ಲಿ ಗ್ರಾಫಿಕ್ಸ್‌ಗೆಂದು ಇದು ನಡೆಯುವುದಿಲ್ಲ.

ಕಾರ್ಡ್ ಬದಲಿಸಲೆಂದೇ ಮಾಡಿದ ಲ್ಯಾಪ್‌ಟಾಪ್‌ಗಳೂ ಇಲ್ಲದಿಲ್ಲ. ಹಳೆಯ ಕೆಲವು ಗೇಮಿಂಗ್, ವರ್ಕ್‌ಸ್ಟೇಷನ್ ಮಾಡೆಲ್‌ಗಳಲ್ಲಿ ಎಂಎಕ್ಸ್‌ಎಂ ಎಂಬ ಬಿಚ್ಚುವ ಕಾರ್ಡ್ ಇತ್ತು. ಅಲ್ಲೂ ಅಳತೆ, ಬಯೋಸ್, ಹೀಟ್‌ಸಿಂಕ್ ಹೊಂದಬೇಕು. ಫ್ರೇಮ್‌ವರ್ಕ್ ಕಂಪನಿಯ 'ಲ್ಯಾಪ್‌ಟಾಪ್ 16' ಮಾಡೆಲ್‌ನಲ್ಲಿ ಗ್ರಾಫಿಕ್ಸ್ ಹಿಂಬದಿಯ ಮಾಡ್ಯೂಲ್‌ನಲ್ಲಿದೆ. 2025ರಲ್ಲಿ ಅದಕ್ಕೆ ಎನ್‌ವಿಡಿಯಾ ಆರ್‌ಟಿಎಕ್ಸ್ 5070 ಮಾಡ್ಯೂಲ್ ಬಂತು.

ನನ್ನನ್ನು ಕೇಳಿದರೆ, ಇಜಿಪಿಯು ಡಬ್ಬಿ, ಕಾರ್ಡ್, ಮಾನಿಟರ್ ಮೂರರ ಬೆಲೆ ಕೂಡಿಸಿ, ಅಷ್ಟಕ್ಕೆ ಎಂಥ ಡೆಸ್ಕ್‌ಟಾಪ್ ಬರುತ್ತದೆ ಎಂದು ವಿಚಾರಿಸಿ. ವಿಡಿಯೊ ಕೆಲಸ ಮನೆಯಲ್ಲೇ ಕೂತು ಮಾಡುವವರಿಗೆ ಡೆಸ್ಕ್‌ಟಾಪೇ ವಾಸಿ. ಎರಡರಲ್ಲಿ ಯಾವುದನ್ನು ತಂದರೂ ಕರೆಂಟಿನ ಲೆಕ್ಕ ತಪ್ಪಿಸಬೇಡಿ. ಮಳೆಗಾಲದಲ್ಲಿ ಮರ ಬಿದ್ದು ಲೈನ್ ಹೋದಾಗ ಲ್ಯಾಪ್‌ಟಾಪ್ ಬ್ಯಾಟರಿ ಮೇಲೆ ನಡೆಯುತ್ತದೆ, ಇಜಿಪಿಯು ಡಬ್ಬಿ ನಿಂತುಹೋಗುತ್ತದೆ. ಉಳಿಸದ ಎಡಿಟ್ ಅದರ ಜೊತೆಗೇ ಹೋಗಬಹುದು. ಎನ್‌ವಿಡಿಯಾದ ಆರ್‌ಟಿಎಕ್ಸ್ 4060 ಡೆಸ್ಕ್‌ಟಾಪ್ ಕಾರ್ಡ್ ಒಂದೇ 115 ವ್ಯಾಟ್ ಕೇಳುತ್ತದೆ, 4070 ಆದರೆ 200. ಮನೆಯ ಇನ್ವರ್ಟರ್ ಅಷ್ಟನ್ನು ಹೊರುತ್ತದಾ ನೋಡಿ. ಅದರಲ್ಲಿ ಯುಪಿಎಸ್ ಮೋಡ್ (ಕರೆಂಟ್ ಹೋದ ಕೂಡಲೇ ಬೇಗ ಬ್ಯಾಟರಿಗೆ ಬದಲಾಗುವುದು) ಸ್ವಿಚ್ ಇದ್ದರೆ ಅದಕ್ಕೆ ಹಾಕಿ, ಇಲ್ಲದಿದ್ದರೆ ಬೇರೆ ಯುಪಿಎಸ್ ತನ್ನಿ. ಗುಡುಗು ಶುರುವಾದರೆ ಕೆಲಸ ಸೇವ್ ಮಾಡಿ, ಎಲ್ಲದರ ಪ್ಲಗ್ ಕಿತ್ತುಬಿಡಿ.