ಬಿಸಿ ಇಡ್ಲಿ, ವಡೆ ಮತ್ತು ಇಂಗ್ಲಿಷಿನ ‘ಅಂಡ್’

ಮೈಸೂರಿನ ಸರಸ್ವತಿಪುರಂನಲ್ಲಿ ಕೂತು ಹದಿನೈದು ವರ್ಷದಿಂದ ಇಂಗ್ಲಿಷ್ ಕರಾರು, ಟೆಂಡರುಗಳನ್ನು ಕನ್ನಡಕ್ಕೆ ತರುತ್ತಿದ್ದೇನೆ. ಎರಡು ಪದಗಳ ನಡುವೆ ‘ಅಂಡ್’ (ಮತ್ತು) ಇದ್ದಾಗ ಮೊದಲ ಪದದ ವಿಶೇಷಣ ಅದನ್ನು ದಾಟಿ ಎರಡನೆಯದಕ್ಕೂ ಓಡುತ್ತದೆಯೇ ಅಂತ ಪತ್ತೆಹಚ್ಚುವ ದಾರಿ ಸಿಕ್ಕಿದೆ ಅಂದಾಗ ಜೊತೆಯವರು ನಕ್ಕಿದ್ದರು. ಈಗ ಅವರೇ ಫೋನ್ ಮಾಡುತ್ತಾರೆ.

ಪೆಟ್ಟು ಬಿದ್ದದ್ದು ‘ಓಲ್ಡ್ ಮೆಷೀನ್ಸ್ ಅಂಡ್ ಸ್ಪೇರ್ಸ್’ನಿಂದ. ‘ಹಳೆಯ ಯಂತ್ರಗಳು, ಹಳೆಯ ಬಿಡಿಭಾಗಗಳು’ ಎಂದು ಬರೆದುಕೊಟ್ಟೆ. ನೋಡಿದರೆ ಬಿಡಿಭಾಗ ಪ್ಯಾಕೆಟ್ಟೂ ಒಡೆಯದ ಹೊಸ ಮಾಲು! ಬಿಲ್ಲಿನಲ್ಲಿ ಮೂರೂವರೆ ಸಾವಿರವೋ ಏನೋ ಮುರಿದುಕೊಂಡರು, ಮರುಮುದ್ರಣದ ಖರ್ಚೂ ನನ್ನ ತಲೆಗೇ. ಆಮೇಲೆ ಹೆದರಿ ವಿಶೇಷಣವನ್ನು ಮೊದಲ ಪದಕ್ಕೇ ಕಟ್ಟಿಹಾಕತೊಡಗಿದೆ. ‘ಪರ್ಮನೆಂಟ್ ಕ್ಲರ್ಕ್ಸ್ ಅಂಡ್ ಡ್ರೈವರ್ಸ್’ ಬಂದಾಗ ಹಂಗಾಮಿ ಡ್ರೈವರುಗಳೂ ಒಳಗೆ ನುಗ್ಗಿಬಿಟ್ಟರು. ಅದೂ ವಾಪಸ್. ಸಾಲಿಗೊಂದು ಪ್ರಶ್ನೆ ಕಳಿಸಿ ನೋಡಿದೆ, ಗಿರಾಕಿಯೇ ಹೋದ.

ಈಗ ಮೊದಲು ನೋಡುವುದು ಎರಡನೇ ನಾಮಪದಕ್ಕೆ ತನ್ನದೇ ಆರ್ಟಿಕಲ್ (‘ಎ’, ‘ದಿ’ ಥರದ್ದು) ಇದೆಯೇ ಅಂತ. ‘ಎ ಬ್ಲ್ಯಾಕ್ ಕೋಟ್ ಅಂಡ್ ಎ ಶರ್ಟ್’ ಅಂದರೆ ‘ಕಪ್ಪು’ ಕೋಟಿಗೇ ಮುಗಿಯಿತು. ಆ ಎರಡನೇ ‘ಎ’ ಬೇಲಿ ಇದ್ದ ಹಾಗೆ. ಬೇಲಿ ಇಲ್ಲವೋ, ಅದಲುಬದಲು ಮಾಡಿ ಓದುತ್ತೇನೆ: ‘ಸ್ಪೇರ್ಸ್ ಅಂಡ್ ಓಲ್ಡ್ ಮೆಷೀನ್ಸ್’. ಹೀಗೆ ಬರೆದರೂ ದಾಖಲೆಯ ಉಳಿದ ಪುಟಗಳು ಒಪ್ಪುತ್ತವೆಯೇ? ಒಪ್ಪಿದರೆ ‘ಹಳೆಯ’ ಯಂತ್ರಕ್ಕೆ ಮಾತ್ರ, ಇಲ್ಲದಿದ್ದರೆ ಎರಡಕ್ಕೂ. ಆ ಹುಡುಕಾಟಕ್ಕೆ ಅರ್ಧ ಗಂಟೆ ಹೋಗುತ್ತದೆ, ಹೋಗಲಿ.

ಕ್ರಿಯಾವಿಶೇಷಣದ ಆಟ ನನಗೆ ಅಚ್ಚುಮೆಚ್ಚು. ‘ರವಿ ಕ್ವಿಕ್ಲಿ ಡ್ರ್ಯಾಂಕ್ ಕಾಫಿ ಅಂಡ್ ಲತಾ ಟೀ’. ಇಲ್ಲಿ ಎರಡನೇ ಕ್ರಿಯಾಪದವನ್ನೇ ನುಂಗಿದ್ದಾರೆ, ಅದರ ಬೆನ್ನಿಗೆ ‘ಬೇಗ’ವೂ ಸಾಮಾನ್ಯವಾಗಿ ಲತಾಳ ಲೋಟಕ್ಕೆ ಬರುತ್ತದೆ. ‘ಲತಾ ಡ್ರ್ಯಾಂಕ್ ಟೀ’ ಎಂದು ಕ್ರಿಯಾಪದ ಮತ್ತೆ ಬಂದರೆ ಅವಳು ಸಂಜೆವರೆಗೂ ಗುಟುಕರಿಸಬಹುದು. ‘ಯೆಸ್ಟರ್ಡೇ’ ವಾಕ್ಯದ ತಲೆಯಲ್ಲಿದ್ದರೆ ಸಾಮಾನ್ಯವಾಗಿ ಎರಡೂ ಕಡೆ ಹಬ್ಬುತ್ತದೆ, ಬಾಲದಲ್ಲಿದ್ದರೆ ಅನುಮಾನ. ಆ ಅನುಮಾನ ಬಿಡಿಸಲು ನನ್ನದೊಂದು ಉಪಾಯವಿದೆ. ಹೊಟ್ಟೆಪಾಡು, ಇಲ್ಲಿ ಹೇಳಲ್ಲ.

ನಡುವೆ ಒಂದು ಹುಚ್ಚೂ ಹತ್ತಿತ್ತು. ಹತ್ತು ಹನ್ನೆರಡು ದಿನ ಬೆಳಿಗ್ಗೆ ಹೋಟೆಲಿನಲ್ಲಿ ‘ಬಿಸಿ ಇಡ್ಲಿ ವಡೆ’ ಅಂತಲೇ ಕೇಳಿದೆ. ಏಳೆಂಟು ಸಲ ವಡೆ ತಣ್ಣಗೇ ಬಂತು. ‘ಬಿಸಿ ಅಂದಿದ್ದು ಇಡ್ಲಿಗಲ್ವಾ ಸ್ವಾಮಿ?’ ಅಂದ ಸಪ್ಲೈಯರ್. ಕನ್ನಡದಲ್ಲೂ ಅದೇ ಗೊಂದಲ, ಹಾಗಾಗಿ ಪದಕ್ಕೆ ಪದ ಇಟ್ಟು ತಪ್ಪಿಸಿಕೊಳ್ಳುವುದೂ ಒಂದು ದಾರಿಯೇ. ಆದರೆ ಕರಾರಿನವರು ಅದಕ್ಕೆ ದುಡ್ಡು ಕೊಡಲ್ಲ.

ಕೂದಲು ಸೀಳುತ್ತೀಯ ಅಂತ ಹಂಗಿಸಿದ್ದ ಏಜೆಂಟ್ ಈಗ ಪದಕ್ಕೆ ಇಪ್ಪತ್ತೋ ಇಪ್ಪತ್ತೈದೋ ಪೈಸೆ ಹೆಚ್ಚು ಕೊಡುತ್ತಾನೆ. ಮೊದಲು ಮುರಿದುಕೊಂಡ ಮೂರೂವರೆ ಸಾವಿರ ಮಾತ್ರ ಇನ್ನೂ ಬಂದಿಲ್ಲ.